ಹವಾಯಿ ಚಪ್ಪಲಿಯ ಬೆಂಕಿಬಾಯಿ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮಾಳಿಗೆಯ ಕೋಣೆಯಲ್ಲಿ ಆರು ವರ್ಷ ಬಾಡಿಗೆಗಿದ್ದವಳು ದೇವಿಯಲ್ಲ. ಆ ಕೋಣೆಯ ಹೊಸ್ತಿಲಾಚೆ ಕುಂಕುಮ ಹಚ್ಚಿಸಿಕೊಂಡು ಕೂತಿರುವ ನೀಲಿ ಪಟ್ಟಿಯ ಹವಾಯಿ ಚಪ್ಪಲಿಗಳು ಪಾದುಕೆಗಳೂ ಅಲ್ಲ. ದಿಲ್‌ಸುಖ್‌ನಗರದ ಬೀದಿಯಲ್ಲಿ ಅವನ್ನು ಕೊಳ್ಳುವಾಗ ನಾನೇ ಜೊತೆಗಿದ್ದೆ. ಆದರೂ ಮೊನ್ನೆ ಆ ಕೋಣೆಗೆ ಹೊಸದಾಗಿ ಬಂದಿರುವ ಬೀದರ ಕಡೆಯ ಬ್ಯಾಂಕಿನ ಹೆಣ್ಣುಮಗಳು ಕೆಳಗಿಳಿದು ಬಂದು, "ಅಮ್ಮಾರ, ಮಂಗಳವಾರಕ್ಕೊಮ್ಮೆ ಯಾರೋ ನನ್ನ ಬಾಗಿಲ ಮುಂದ ಬೇವಿನ ತಪ್ಪಲು ಇಟ್ಟು ಹೋಗಾಕತ್ತಾರ. ನನಗ ಯಾರರ ಮಾಟ ಮಾಡ್ಸ್ಯಾರೇನ್ರಿ?" ಎಂದು ಕೇಳಿದಳು. ಮುಖ ಬಿಳಿಚಿತ್ತು.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ. ಈ ಗೊಂದಲ ಮಾಡಿದವಳು ನಾನೇ, ಆದ್ದರಿಂದ ಬಿಡಿಸುವ ಕೆಲಸವೂ ನನ್ನದೇ.

ಆ ಆರು ವರ್ಷದ ಬಾಡಿಗೆಯವಳು ಕೋಣೆ ಕೇಳಿಕೊಂಡು ಬಂದ ದಿನ ನಾನು ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತಿದ್ದೆ. ಮೂವತ್ತರ ಆಚೀಚೆ ವಯಸ್ಸು. ಉದ್ದನೆಯ ದೇಹ, ಗುಳಿಬಿದ್ದ ಕೆನ್ನೆ, ತಲೆಗೂದಲಿಗೆ ಪಿನ್ನಿನ ಬದಲು ಒಂದು ಪೆನ್ಸಿಲ್ಲು. ಕಲಬುರಗಿ ಕಡೆಯ ಮಾತು ಕಿವಿಗೆ ಬಿದ್ದದ್ದೇ ತಡ, ನಾರಾಯಣಗೂಡದ ಗದ್ದಲವೆಲ್ಲ ಒಂದು ಗಳಿಗೆ ನಿಂತ ಹಾಗಾಯಿತು. ಆದರೂ ಬಾಡಿಗೆಯವರನ್ನು ಕೇಳುವುದು ಕೇಳಲೇಬೇಕಲ್ಲ.

"ಏನ್ ಮಾಡ್ತೀಯವ್ವ?"

"ಪಿಎಚ್‌ಡಿ ಮಾಡಾಕತ್ತೀನ್ರಿ ಆಯಿ."

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಅರ್ಧ ಕೋಣೆ ಅಲ್ಲೇ ಗೆದ್ದಳು.

"ಯಾತರ ಮ್ಯಾಲ?"

"ಜ್ವಾಲಾಮುಖಿ ಮ್ಯಾಲ್ರಿ."

"ಅದರ ಮ್ಯಾಲ ಕುಂತರ ಸುಡಂಗಿಲ್ಲೇನು?"

"ಕೂಡೂದಿಲ್ರಿ. ಮ್ಯಾಲಿಂದ ನೋಡೂದು."

"ನಮ್ಮ ಮಾಳಿಗಿ ಮ್ಯಾಲಿಂದ ಬರೇ ನೀರಿನ ಟಾಕಿ ಕಾಣ್ತಾವ. ಈಗ ಹೇಳೀನಿ, ಆಮ್ಯಾಲ ತಕರಾರು ತಗೀಬ್ಯಾಡ."

ಅವಳು ನಕ್ಕಳು. ನಕ್ಕಳು ಎಂದರೆ ಸಾಲದು. ಮೊದಲು ಗೋಡೆಗೆ ಒಂದೇಟು ಹೊಡೆದಳು, ಆಮೇಲೆ ಕಟ್ಟೆಯ ಮೇಲೆ ಕುಸಿದಳು, ಆಮೇಲೆ ಬಿಕ್ಕಳಿಕೆ ಹತ್ತಿತು. ನೀರು ತಂದುಕೊಟ್ಟೆ. ಕುಡಿದು ಸುಧಾರಿಸಿಕೊಂಡು, "ಟಾಕಿ" ಎಂದು ನೆನೆಸಿಕೊಂಡು ಮತ್ತೆ ಶುರು ಮಾಡಿದಳು. ನಮ್ಮ ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ನಕ್ಕಿರಲಿಲ್ಲ. ನನ್ನ ಗಂಡ ಇದ್ದಾಗ ಅವರು ನಕ್ಕರೋ ಇಲ್ಲವೋ ಎಂದು ತಿಳಿಯಲು ಮೀಸೆಯನ್ನು ನೋಡಬೇಕಿತ್ತು. ಕೋಣೆ ಕೊಟ್ಟೆ.

ನಾನು ಅವಳನ್ನು ಕರೆಯುತ್ತಿದ್ದದ್ದು ಬೆಂಕಿಬಾಯಿ ಎಂದು. ಜ್ವಾಲಾಮುಖಿ ಎಂದರೆ ಅದೇ ತಾನೆ, ಬೆಂಕಿ ಕಾರುವ ಬಾಯಿ. ನಮ್ಮ ಕಡೆ ಮಾನವಂತ ಹೆಂಗಸರ ಹೆಸರಿನ ತುದಿಗೂ ಒಂದು ಬಾಯಿ ಹಚ್ಚುತ್ತಾರೆ. ಒಂದೇ ಮಾತಿನಲ್ಲಿ ಎರಡು ಕೆಲಸ ಮುಗಿಯಿತು. ನಿಜವಾದ ಹೆಸರು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾದಮ್ಮ ಅದಕ್ಕೊಂದು ಅಷ್ಟೋತ್ತರ ಕಟ್ಟಿಸುತ್ತಾಳೆ.

ಯಾದಮ್ಮ ನಮ್ಮ ಗೋಡೆಯಾಚೆಯ ಮನೆಯವಳು, ತೆಲುಗಿನವಳು. ಆಷಾಢದಲ್ಲಿ ಅಮ್ಮನವರಿಗೆ ಮಾಡುವ ಬೋನಾಲು ಹಬ್ಬದಲ್ಲಿ ತಲೆಯ ಮೇಲೆ ಎಡೆಯ ಬೋನದ ಗಡಿಗೆ ಹೊತ್ತು ಹೊರಟರೆ ಬೀದಿಯ ಬಸ್ಸುಗಳೂ ಸರಿದು ನಿಲ್ಲಬೇಕು, ಅಂಥ ಹೆಂಗಸು. ಹೊಸ ಬಾಡಿಗೆಯವಳು ಬಂದ ಎರಡನೇ ದಿನವೇ ಗೋಡೆಯ ಮೇಲೆ ಗದ್ದ ಇಟ್ಟು, ಯಾರು, ಏನು ಮಾಡುತ್ತಾಳೆ ಎಂದು ವಿಚಾರಿಸಿದಳು. ನಾನು ನನ್ನ ಹರಕು ತೆಲುಗಿನಲ್ಲಿ, "ರೋಜೂ ಜ್ವಾಲಾಮುಖಿನಿ ಚೂಸ್ತುಂದಿ" ಎಂದೆ. ದಿನಾಲೂ ಜ್ವಾಲಾಮುಖಿ ನೋಡುತ್ತಾಳೆ ಎಂದು ನನ್ನ ಅರ್ಥ. ತೆಲುಗರು ಬೆಂಕಿಗುಡ್ಡಕ್ಕೆ ಅಗ್ನಿಪರ್ವತಂ ಅನ್ನುತ್ತಾರೆ ಎಂದು ನನಗೆ ಯಾರು ಹೇಳಿಕೊಟ್ಟಿದ್ದರು? ಅವರಿಗೆ ಜ್ವಾಲಾಮುಖಿ ಎಂದರೆ ಸಾಕ್ಷಾತ್ ಅಮ್ಮನವರು. ದಿನಾ ಅಮ್ಮನವರ ದರ್ಶನ ಮಾಡುವವಳು ನಮ್ಮ ಮಾಳಿಗೆಗೆ ಬಂದಿದ್ದಾಳೆ ಎಂದಾಯಿತು. ಯಾದಮ್ಮನ ಗದ್ದ ಗೋಡೆಯಿಂದ ಮೇಲೆದ್ದಿತು, ಎರಡೂ ಕೈ ಕೆನ್ನೆಗೆ ಹೋದವು. ಇವಳಿಗೇಕೆ ಹಲ್ಲುನೋವು ಬಂತು ಎಂದುಕೊಂಡು ನಾನು ಒಳಗೆ ಹೋದೆ.

ಬೆಂಕಿಬಾಯಿಯ ಕೆಲಸ ಏನೆಂದು ನನಗೆ ತಿಳಿದಷ್ಟು ಹೇಳುತ್ತೇನೆ. ಸಮುದ್ರದಾಚೆ ಯಾವುದೋ ದ್ವೀಪದಲ್ಲಿ ಒಂದು ಬೆಂಕಿಗುಡ್ಡ. ಅದನ್ನು ಅವಳು ಕಣ್ಣಾರೆ ಕಂಡವಳಲ್ಲ. ಆಕಾಶದಲ್ಲಿ ಸುತ್ತುವ ಉಪಗ್ರಹ ಹನ್ನೆರಡು ದಿನಕ್ಕೊಮ್ಮೆ ಆ ಗುಡ್ಡದ ಮೇಲೆ ಹಾದುಹೋಗುತ್ತ ಕಿರಣ ಬಿಟ್ಟು, ಅದು ಹಿಂದಿರುಗುವುದನ್ನು ಅಳೆಯುತ್ತದೆ. ಹೋದ ಸಲದ ಚಿತ್ರದ ಮೇಲೆ ಈ ಸಲದ್ದನ್ನು ಕೂಡಿಸಿ ನೋಡಿದರೆ ನೆಲ ಬೆರಳಷ್ಟು ಉಬ್ಬಿದ್ದರೂ ತಿಳಿಯುತ್ತದಂತೆ. ಸಿಡಿಯುವ ಮೊದಲು ಗುಡ್ಡ ಕೆಲವೊಮ್ಮೆ ಉಬ್ಬುತ್ತದೆ, ಮೈ ಬಿಸಿಯಾಗುತ್ತದೆ. ಬಿಸಿ ನೋಡಲು ಬೇರೆ ಉಪಗ್ರಹ, ಅದಕ್ಕೆ ಮೋಡ ಅಡ್ಡ ಬಂದರೆ ಏನೂ ಕಾಣುವುದಿಲ್ಲ. ಗೋಡೆಯ ತುಂಬ ಚಿತ್ರ ಅಂಟಿಸಿದ್ದಳು: ರಸ್ತೆಯ ಮಳೆನೀರಿಗೆ ಪೆಟ್ರೋಲು ಬಿದ್ದಾಗ ಕಾಣುತ್ತದಲ್ಲ, ಹಾಗೆ ಬಣ್ಣಬಣ್ಣದ ಉಂಗುರಗಳು. ಒಂದು ದಿನ ಯಾದಮ್ಮ ಬಾಗಿಲ ಸಂದಿಯಿಂದ ಅವನ್ನು ನೋಡಿ ಬಂದು, ಗೋಡೆಯ ತುಂಬ ಯಂತ್ರ ಬರೆದಿಟ್ಟಿದ್ದಾಳೆ ಎಂದು ಬೀದಿಗೆಲ್ಲ ಸಾರಿದಳು.

ಬೆಂಕಿಬಾಯಿ ಆ ಗುಡ್ಡವನ್ನು ದೊಡ್ಡಪ್ಪ ಎನ್ನುತ್ತಿದ್ದಳು. ಯಾಕೆಂದು ಕೇಳಿದರೆ, "ನಮ್ಮ ದೊಡ್ಡಪ್ಪನೂ ಹಿಂಗ್ರಿ ಆಯಿ. ಸುಮ್ನ ಕುಂತಿರ್ತಾನ, ಯಾವಾಗ ಸಿಟ್ಟಿಗೇಳ್ತಾನ ಗೊತ್ತಾಗೂದಿಲ್ಲ. ಆದ್ರ ಅದಕ್ಕೂ ಮೊದಲ ಮೂಗು ಕೆಂಪಾಕ್ಕೈತಿ, ಹೊಟ್ಟಿ ಉಬ್ಬತೈತಿ" ಎಂದಳು. ಅಂದಿನಿಂದ ಬೆಳಿಗ್ಗೆ ಅವಳು ಮೆಟ್ಟಿಲಿಳಿದು ಬಂದಳೆಂದರೆ ನನ್ನ ಮೊದಲ ಪ್ರಶ್ನೆ ಅದೇ.

"ದೊಡ್ಡಪ್ಪಗ ಜ್ವರ ಐತೇನು?"

"ಇವತ್ತ ಮಾರಿ ಮುಚ್ಕೊಂಡಾನ್ರಿ. ಮೋಡ."

"ನೋಡದ ಗುಡ್ಡದ ಜ್ವರ ನೋಡ್ತೀಯಲ್ಲ, ಹೋಗದ ಊರಿಗೆ ದಾರಿ ಕೇಳಿದಂಗಾತು."

"ನೀವು ನೋಡದ ಗಂಡನ್ನ ಲಗ್ನ ಆಗಲಿಲ್ಲೇನ್ರಿ?"

ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಬಡಿದೆ.

ಕೈಬೆರಳು ಅಡ್ಡ ಹಿಡಿದು ಅಳೆಯುವುದು ಅವಳ ಚಟ. ಚಹಾದ ಕಪ್ಪು, ಬಾಗಿಲ ಸಂದು, ನನ್ನ ಕಾಲಿನ ಬಾವು, ಎಲ್ಲಕ್ಕೂ ಬೆರಳು. "ಆಯಿ, ನಿನ್ನೆಗಿಂತ ಅರ್ಧ ಬೆರಳು ಇಳದೈತ್ರಿ" ಎನ್ನುತ್ತಿದ್ದಳು. ಡಾಕ್ಟರೂ ಅಷ್ಟು ನಿಖರವಾಗಿ ಹೇಳಿದವರಲ್ಲ. ಆದರೆ "ನಾಳೆ ಪೂರ್ತಿ ಇಳೀತೈತೇನು?" ಎಂದು ಕೇಳಿದರೆ "ಗೊತ್ತಿಲ್ರಿ" ಎನ್ನುತ್ತಿದ್ದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವಾಗ ಅವಳಿಗೆ ಒಂದಿಷ್ಟೂ ನಾಚಿಕೆ ಇರಲಿಲ್ಲ. ಓದಿದವರಲ್ಲಿ ಇಂಥವರನ್ನು ನಾನು ಕಂಡದ್ದು ಕಡಿಮೆ.

ಇನ್ನು ಚಪ್ಪಲಿ. ಅದರ ಸಲುವಾಗಿ ನಮ್ಮಿಬ್ಬರಿಗೂ ಒಂದು ತಿಂಗಳು ಜಗಳ ನಡೆಯಿತು. ಅವಳು ಮಲಗುವಾಗ ಹವಾಯಿ ಚಪ್ಪಲಿಯನ್ನು ಮಂಚದ ಪಕ್ಕ, ಮೂತಿ ಬಾಗಿಲ ಕಡೆ ಮಾಡಿ ಇಡುತ್ತಿದ್ದಳು. ನಮ್ಮ ಮನೆಯಲ್ಲಿ ಚಪ್ಪಲಿ ಹೊಸ್ತಿಲು ದಾಟುವ ಹಾಗಿಲ್ಲ.

"ಚಪ್ಪಲಿ ತಲಿದಿಂಬಿನ ಬಾಜೂಕ ಇಟ್ಟು ಮಲಗ್ತೀಯಲ್ಲ, ನಿನಗ ಹೊಲಸು ಅನಸೂದಿಲ್ಲೇನು?"

"ಆ ದ್ವೀಪದಾಗ ಗುಡ್ಡ ಕಾಯೋ ಒಬ್ಬ ಮನಷ್ಯಾ ಅದಾನ್ರಿ, ನಾವಿಬ್ಬರೂ ಕಾಗದ ಬರೀತೀವಿ. ಗುಡ್ಡ ಸುಮ್ನಿರದಿದ್ದಾಗ ಅವರ ಊರ ಮಂದಿ ಹಿಂಗ ಇಟ್ಟು ಮಲಗ್ತಾರಂತ. ಓಡೂಮುಂದ ಹುಡುಕಬಾರದಲ್ರಿ. ಅವರ ಗುಡ್ಡ ನೋಡ್ತೀನಿ, ಅವರಂಗ ಇರಬೇಕಲ್ಲ."

"ನಾರಾಯಣಗೂಡದಾಗ ಗುಡ್ಡ ಎಲ್ಲೈತಿ?"

"ಹವಾಯಿ ಅಂದ್ರ ಏನು, ಗೊತ್ತೇನ್ರಿ ಆಯಿ? ಅದೂ ಒಂದು ಬೆಂಕಿಗುಡ್ಡದ ಊರು! ಮಂದಿ ಜ್ವಾಲಾಮುಖಿ ಕಾಲಿಗೆ ಹಾಕ್ಕೊಂಡು ಸಂಡಾಸಕ್ಕ ಹೋಗಾಕತ್ತಾರ!" ಗೋಡೆಗೆ ಏಟು, ಕುಸಿತ, ಬಿಕ್ಕಳಿಕೆ. ಈ ಸಲ ನನಗೂ ಬಿಕ್ಕಳಿಕೆ ಬಂತು. ಕೊನೆಗೆ ರಾಜಿಯಾಯಿತು: ಚಪ್ಪಲಿ ಹೊಸ್ತಿಲಾಚೆ, ಮೂತಿ ಬೀದಿ ಕಡೆ.

ಹೊಸ್ತಿಲಾಚೆ ಬಂದ ಚಪ್ಪಲಿ ಯಾದಮ್ಮನ ಕಣ್ಣಿಗೆ ಬೀಳದೆ ಇರುತ್ತದೆಯೇ? ಹೊರಗೆ ಮುಖ ಮಾಡಿದ ಜೋಡಿ, ಎರಡೂ ಸರಿಸಮ. ಮರುದಿನ ಅವುಗಳ ಮೇಲೆ ಅರಿಶಿನ, ಕುಂಕುಮ, ಒಂದು ಚೆಂಡುಹೂವು.

ಅದೇ ವರ್ಷ ಆಷಾಢದಲ್ಲಿ, ಬೋನಾಲಿನ ಒಂದು ಭಾನುವಾರ ಮಧ್ಯಾಹ್ನ, ಯಾದಮ್ಮ ಆರು ಜನ ಹೆಂಗಸರನ್ನು ಕಟ್ಟಿಕೊಂಡು ನಮ್ಮ ಮೆಟ್ಟಿಲು ಹತ್ತಿದಳು. ಮೇಲೆ ಬೆಂಕಿಬಾಯಿ ಮೂರು ದಿನದಿಂದ ಯಾವುದೋ ಲೆಕ್ಕ ಹಿಡಿದು ಕೂತಿದ್ದಳು. ಸ್ನಾನವಿಲ್ಲ, ತಲೆಗೆ ಎಣ್ಣೆಯಿಲ್ಲ, ಕಣ್ಣು ಕೆಂಡ. ಬಾಗಿಲು ಬಡಿದಾಗ ಪೆನ್ಸಿಲ್ಲು ಕಿತ್ತುಕೊಂಡು ಎದ್ದು ಬಂದಳು, ಕೂದಲೆಲ್ಲ ಮುಖದ ಮೇಲೆ ಬಿತ್ತು. ಹಿಂದಿನಿಂದ ಹತ್ತುತ್ತಿದ್ದ ನನಗೇ ಒಂದು ಗಳಿಗೆ ಕೈ ಮುಗಿಯುವ ಹಾಗಾಯಿತು.

"ಅಮ್ಮಾ, ಒಕ್ಕ ಮಾಟ ಚೆಪ್ಪು!" ಒಂದು ಮಾತು ಹೇಳಮ್ಮ ಎಂದು ಯಾದಮ್ಮ ಕಾಲಿಗೆ ಬಿದ್ದಳು. ಬೋನಾಲಿನಲ್ಲಿ ಅಮ್ಮನವರು ಮೈಮೇಲೆ ಬಂದ ಹೆಂಗಸು ಭವಿಷ್ಯ ನುಡಿಯುವುದು ರೂಢಿ.

ನನಗೇನೂ ಗೊತ್ತಿಲ್ಲ ಎಂದು ಇವಳು ತೆಲುಗಿನಲ್ಲೇ ಗೋಗರೆದಳು. ಅಮ್ಮನವರು ಮೊದಲು ಹಾಗೇ ಅನ್ನುವುದು ಎಂದು ಹೆಂಗಸರು ತಲೆದೂಗಿದರು. ಯಾರೂ ಏಳಲಿಲ್ಲ. ಸಾಕಾಗಿ ಇವಳು ಮಾಳಿಗೆಯ ಅಂಚಿನಿಂದ ಕೆಳಗೆ ಬೆರಳು ಮಾಡಿ, ಯಾದಮ್ಮಾ, ನಿನ್ನ ಗ್ಯಾಸಿನ ಪೈಪು ಸೀಳಿದೆ, ಇವತ್ತೇ ಬದಲಿಸು ಎಂದಳು. ಯಾದಮ್ಮನ ಸಿಲಿಂಡರು ಹಿತ್ತಲಿನಲ್ಲಿ ನಮ್ಮ ಗೋಡೆಗೆ ಒತ್ತಿಕೊಂಡೇ ನಿಂತಿರುತ್ತದೆ. ಗ್ಯಾಸಿನವನು ಬಂದು ಪೈಪು ಬಿಚ್ಚಿ ನೋಡಿ, ಇನ್ನೆರಡು ದಿನ ಬಿಟ್ಟಿದ್ದರೆ ನೀನೂ ಇಲ್ಲ, ಗೋಡೆಯಾಚೆಯ ಮುದುಕಿಯೂ ಇಲ್ಲ ಎಂದನಂತೆ. ಮುದುಕಿ ಎಂದರೆ ನಾನು.

ಮುಗಿಯಿತಲ್ಲ! ಸಂಜೆಗೆ ಚಪ್ಪಲಿಗೆ ಮಲ್ಲಿಗೆ ಮಾಲೆ.

"ಅದು ಭವಿಷ್ಯ ಅಲ್ರಿ, ನಾ ಮ್ಯಾಲಿಂದ ದಿನಾ ನೋಡೀನಿ, ಅಷ್ಟ!" ಎಂದು ಅವಳು ಬೀದಿಯಲ್ಲಿ ಸಿಕ್ಕವರಿಗೆಲ್ಲ ತೆಲುಗಿನಲ್ಲೂ ಹಿಂದಿಯಲ್ಲೂ ಹೇಳಿ ನೋಡಿದಳು.

ಅದೇ ತಾನೆ, ಮೇಲಿನಿಂದ ನೋಡುವವಳು ಎಂದು ಯಾದಮ್ಮ ಕಣ್ಣೊರೆಸಿಕೊಂಡಳು.

ನಗುವಿನ ನಡುವೆಯೇ ವರ್ಷಗಳು ಕಳೆದವು, ಗುಡ್ಡ ಮಾತ್ರ ಸಿಡಿಯಲಿಲ್ಲ. ಅಲ್ಲೇ ಇದ್ದದ್ದು ಕಷ್ಟ. ಅವಳು ಕಲಬುರಗಿಯ ಕಾಲೇಜಿನ ನೌಕರಿ ಬಿಟ್ಟು ಬಂದವಳು. ಎರಡು ಸಲ ಗಡುವು ಮುಂದೆ ಹಾಕಿಸಿಕೊಂಡಿದ್ದಳು, ಮೂರನೆಯದು ಇರಲಿಲ್ಲ. ಆರನೇ ವರ್ಷದ ಆಷಾಢ ಮುಗಿಯುವುದರೊಳಗೆ ಪಿಎಚ್‌ಡಿಯ ಪುಸ್ತಕ ಒಪ್ಪಿಸದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಪುಸ್ತಕ ಹೆಚ್ಚುಕಡಿಮೆ ಮುಗಿದಿತ್ತು, ಕೊನೆಯ ಭಾಗವೊಂದು ಬಿಟ್ಟು. ಗುಡ್ಡ ಮೂರು ವರ್ಷದಲ್ಲಿ ನಾಲ್ಕು ಬೆರಳು ಉಬ್ಬಿದೆ ಎಂದು ಅವಳ ಚಿತ್ರಗಳು ಹೇಳುತ್ತಿದ್ದವು. ಅವಳ ಗೈಡು ಸಾಹೇಬರು, ಹಾಗಾದರೆ ಇನ್ನೇನು ಸಿಡಿಯುತ್ತದೆ ಎಂದು ಬರೆದುಬಿಡು, ಆರು ವರ್ಷ ನೋಡಿ ಗೊತ್ತಿಲ್ಲ ಎಂದು ಬರೆದರೆ ಪರೀಕ್ಷೆ ಮಾಡುವವರು ನಗುತ್ತಾರೆ ಎನ್ನುತ್ತಿದ್ದರು. ಅವರೂ ಕೆಟ್ಟವರಲ್ಲ, ಅವಳು ದಡ ಸೇರಲಿ ಎಂದೇ ಹೇಳಿದ್ದು.

ಗಡುವಿಗೆ ಹದಿನೈದು ದಿನ ಇದ್ದಾಗ ಅವಳು ಅಡುಗೆಮನೆಗೆ ಬಂದು ನೆಲದ ಮೇಲೆ ಕೂತಳು.

"ಆಯಿ, ದೊಡ್ಡಪ್ಪ ನಾಕ ಬೆರಳು ಎದ್ದಿಲ್ರಿ. ಎರಡ."

"ಉಳಿದ ಎರಡು ಎಲ್ಲಿ ಹೋದವು?"

"ಹಬಿ. ಗಾಳ್ಯಾಗ ತೇವ ಇದ್ರ ಕಿರಣ ತಡಾ ಆಗಿ ಬರತೈತಿ, ಗುಡ್ಡ ಏರಿದಂಗ ಸುಳ್ಳ ತೋರಸ್ತೈತಿ. ಮಳಿಗಾಲದ ಚಿತ್ರ ಎಲ್ಲಾ ತಗದು ಮತ್ತ ಲೆಕ್ಕಾ ಮಾಡಿದೆ. ಅರ್ಧ ಹಬಿ!" ಎಂದು ಗೋಡೆಗೆ ಏಟು ಹಾಕಿದಳು. ನಗುತ್ತಿದ್ದಳು. ಬಿಕ್ಕಳಿಕೆಯೂ ಬಂತು. ಈ ಬಿಕ್ಕಳಿಕೆ ನಗುವಿನದಲ್ಲ ಎಂದು ನನಗೆ ಗೊತ್ತಾಯಿತು, ಆದರೆ ನನಗೆ ಸಮಾಧಾನ ಮಾಡಲು ಬರುವುದಿಲ್ಲ.

"ನಿನ್ನ ಸಾಹೇಬ್ರಿಗೆ ಗೊತ್ತೈತೇನು?"

"ನಾ ಹೇಳಲಿಲ್ಲಂದ್ರ ಯಾರಿಗೂ ಗೊತ್ತಾಗಂಗಿಲ್ರಿ."

ತವೆಯ ಮೇಲೆ ರೊಟ್ಟಿ ಉಬ್ಬಿತ್ತು. ಅದನ್ನು ತೋರಿಸಿ, "ಇದರಾಗೂ ಹಬಿನೇ ಐತಿ. ಹಬಿ ಹೋದಮ್ಯಾಲೂ ರೊಟ್ಟಿ ಉಳೀತೈತಿಲ್ಲ?" ಎಂದೆ. ದೊಡ್ಡ ಮಾತು ಹೇಳಿದೆ ಎಂದುಕೊಂಡೆ.

"ಅದು ಹಂಗಲ್ರಿ ಆಯಿ. ಹಬಿ ರೊಟ್ಟಿ ಒಳಗಿರತೈತಿ. ಇಲ್ಲಿ ಹೊರಗ, ಗುಡ್ಡದ ಮ್ಯಾಲ ಇತ್ತು. ನಿಮ್ಮ ಹೋಲಿಕಿ ತಪ್ಪೈತಿ."

"ತಪ್ಪಿದ್ರ ತಿನಬ್ಯಾಡ!"

ತಿಂದಳು, ಐದು ರೊಟ್ಟಿ. ತಿಂದು ಎದ್ದು, "ಖರೇ ಇದ್ದಷ್ಟ ಬರೀತೀನಿ" ಎಂದು ಮೇಲೆ ಹೋದಳು. ಗಡುವಿನ ದಿನ ಪುಸ್ತಕ ಒಪ್ಪಿಸಿದಳು. ಎರಡು ಬೆರಳು ಏರಿದೆ, ಯಾವಾಗ ಸಿಡಿಯುತ್ತದೋ ಗೊತ್ತಿಲ್ಲ. ಇಷ್ಟನ್ನು ಹೇಳಲು ಇನ್ನೂರು ಪುಟ.

ಚಳಿಗಾಲದಲ್ಲಿ ಕೊನೆಯ ಪರೀಕ್ಷೆ. ಎಲ್ಲರೆದುರು ನಿಂತು ಉತ್ತರ ಹೇಳಬೇಕು, ಯಾರು ಬೇಕಾದರೂ ಬಂದು ಕೂಡಬಹುದು ಎಂದು ಅವಳೇ ಬಾಯಿ ತಪ್ಪಿ ಹೇಳಿದ್ದಳು. ನಾನು, ಯಾದಮ್ಮ, ಇನ್ನಿಬ್ಬರು ಹೆಂಗಸರು ರೇಷ್ಮೆ ಸೀರೆ ಉಟ್ಟು ಆಟೋದಲ್ಲಿ ಹೋದೆವು. ಯಾದಮ್ಮನ ಚೀಲದಲ್ಲಿ ತೆಂಗಿನಕಾಯಿ. ಗೇಟಿನವನು ಯಾವ ಮದುವೆ ಎಂದು ಕೇಳಿದ.

ಮುಂದಿನ ಸಾಲಿನಲ್ಲೇ ಕೂತೆವು. ಉಸ್ಮಾನಿಯಾ ಬಿಸ್ಕತ್ತು, ಚಹಾ ಕೊಟ್ಟರು. ಇವಳು ಪರದೆಯ ಮೇಲೆ ಉಂಗುರ ತೋರಿಸಿದಾಗಲೆಲ್ಲ ಯಾದಮ್ಮ ಕೈ ಮುಗಿದಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು, ಬಿಳಿಗಡ್ಡದವರು, ಇಂಗ್ಲೀಷಿನಲ್ಲಿ ಪ್ರಶ್ನೆ ಹಾಕಿದರು. ನನಗೆ ಬರುವ ಇಂಗ್ಲೀಷು ಸ್ವಲ್ಪ, ಅದರಲ್ಲಿ 'ಐ ಡೋಂಟ್ ನೋ' ಒಂದು. ಅವಳು ಅದನ್ನು ನಾಲ್ಕು ಸಲ ಹೇಳಿದಳು. ನಾಲ್ಕನೇ ಸಲಕ್ಕೆ ಬಿಳಿಗಡ್ಡದವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಗೈಡು ಸಾಹೇಬರು ಹಣೆ ಒತ್ತಿಕೊಂಡರು. ಹೋಯಿತು ಆರು ವರ್ಷ, ಎಂದುಕೊಂಡೆ.

ಕೂತವರಲ್ಲಿ ಯಾರಾದರೂ ಏನಾದರೂ ಕೇಳುವುದಿದೆಯೇ ಎಂದರು. ಅದು ರೂಢಿಯ ಮಾತಂತೆ, ಯಾರೂ ಕೇಳುವುದಿಲ್ಲವಂತೆ. ಯಾದಮ್ಮ ಎದ್ದು ನಿಂತಳು.

"ಅಮ್ಮಾ, ಪೇಲುತುಂದಾ, ಲೇದಾ?" ಸಿಡಿಯುತ್ತದೋ, ಇಲ್ಲವೋ?

ಇಡೀ ಕೋಣೆ ನಕ್ಕಿತು. ಇವಳು ನಗಲಿಲ್ಲ. ನನಗೆ ಗೊತ್ತಿಲ್ಲ ಯಾದಮ್ಮಾ ಎಂದು ತೆಲುಗಿನಲ್ಲಿ ಹೇಳಿದಳು. ಐದನೇ ಸಲ! ನನಗೆ ತಡೆಯಲಾಗಲಿಲ್ಲ, ನಾನೂ ಎದ್ದೆ.

"ಹಂಗಾರ ಆರು ವರ್ಷ ನೋಡಿ ಏನ್ ಮಾಡಿದಂಗಾತು? ಆ ಗುಡ್ಡದ ಮ್ಯಾಲೂ ನನ್ನಂಥಾ ಮುದುಕಿ ಒಬ್ಬಾಕಿ ಇರ್ತಾಳ. ಆಕಿ ಮನಿ ಬಿಡಬೇಕೋ, ಬ್ಯಾಡೋ?"

ಅವಳು ನನ್ನನ್ನೇ ನೋಡಿದಳು. ಎರಡು ಬೆರಳು ಅಡ್ಡ ಹಿಡಿದಳು.

"ಬಿಡು ಅಂತ ಇವತ್ತ ಹೇಳಂಗಿಲ್ರಿ ಆಯಿ. ಬಿಡಬ್ಯಾಡ ಅಂತನೂ ಹೇಳಂಗಿಲ್ಲ. ಗುಡ್ಡ ಇಷ್ಟು ಏರೇತಿ, ಇದು ಖರೇ. ಇನ್ನ ಹನ್ನೆರಡು ದಿನಕ್ಕ ಮತ್ತ ನೋಡಿ ಹೇಳ್ತೀನಿ. ಅಲ್ಲೀತನಕ ಆಕಿ ಚಪ್ಪಲಿ ಹೊಸ್ತಿಲಾಚೆ ಇಟ್ಟು ಮಲಗಲಿ. ಮೂತಿ ಬೀದಿ ಕಡೆ."

ಅದನ್ನೇ ಯಾದಮ್ಮನಿಗಾಗಿ ತೆಲುಗಿನಲ್ಲಿ ಹೇಳಿದಳು. ಬಿಳಿಗಡ್ಡದವರು ಏನು, ಏನು ಎಂದು ಗೈಡು ಸಾಹೇಬರ ಕಡೆ ವಾಲಿದರು. ಅವರು ಇಂಗ್ಲೀಷಿಗೆ ತಿರುಗಿಸಿದರು. ಮೂತಿ ಎನ್ನಲು ಮಾತು ಸಿಗದೆ ತಮ್ಮ ಎರಡೂ ಅಂಗೈಗಳನ್ನು ಬಾಗಿಲ ಕಡೆ ಚಾಚಿ ತೋರಿಸಿದರು. ಬಿಳಿಗಡ್ಡದವರು ಕನ್ನಡಕ ಹಾಕಿಕೊಂಡು ಕಾಗದದ ಮೇಲೆ ಏನೋ ಬರೆದುಕೊಂಡರು. ನಮ್ಮನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದರು. ಇನ್ನೊಂದು ಚಹಾ ಕುಡಿಯುವುದರೊಳಗೆ ಬಾಗಿಲು ತೆರೆದು, ಅವಳ ಹೆಸರಿನ ಮುಂದೆ ಡಾಕ್ಟರ್ ಸೇರಿಸಿ ಕೂಗಿದರು. ಯಾದಮ್ಮ ಮೆಟ್ಟಿಲ ಮೇಲೆ ಕಾಯಿ ಒಡೆದಳು. ಗೇಟಿನವನು ಬೈಯಲು ಓಡಿ ಬಂದ, ಬಾಯಿಗೆ ಕೊಬ್ಬರಿ ಬಿದ್ದ ಮೇಲೆ ಸುಮ್ಮನಾದ. ಬೆಂಕಿಬಾಯಿ ಕಂಬಕ್ಕೆ ಏಟು ಹೊಡೆದು ಕುಸಿದಳು, ಗೈಡು ಸಾಹೇಬರೇ ನೀರು ತಂದುಕೊಟ್ಟರು.

ಆಮೇಲೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು, ಹೋದಳು. ಚಪ್ಪಲಿ ಒಯ್ಯಲು ಯಾದಮ್ಮ ಬಿಡಲಿಲ್ಲ. ನಾನು ಅಳಲಿಲ್ಲ, ಅವಳೂ ಅಳಲಿಲ್ಲ. ನನ್ನ ಕಾಲಿನ ಬಾವನ್ನು ಒಂದು ಸಲ ಅಳೆದು ಹೋದಳು.

ಹೋದ ತಿಂಗಳು ಬೆಳಿಗ್ಗೆ ಫೋನು ಬಂತು.

"ಆಯೀ! ದೊಡ್ಡಪ್ಪ ಕೆಮ್ಮಿದ!"

"ಮಂದಿ?"

"ಎಲ್ಲಾರೂ ಇಳಿದು ಬಂದಾರ್ರಿ! ಗುಡ್ಡ ಕಾಯೋ ಮನಷ್ಯಾ ಬರದಾನ. ಎಲ್ಲಾರ ಕಾಲಾಗೂ ಚಪ್ಪಲಿ ಇದ್ದುವಂತ. ಒಬ್ಬಾಕಿ ಮುದುಕಿ ಮಾತ್ರ ಬರಿಗಾಲಾಗ ಬಂದಾಳ. ಕೋಳಿ ಹಿಡ್ಕೋಳೂ ಗಡಿಬಿಡ್ಯಾಗ ಚಪ್ಪಲಿ ಬಿಟ್ಟಳಂತ!"

"ಶ್ಯಾಣ್ಯಾಕಿ," ಎಂದೆ. ಅತ್ತಲಿಂದ ಗೋಡೆಗೆ ಬಿದ್ದ ಏಟು ಕೇಳಿಸಿತು.

ಯಾದಮ್ಮನಿಗೆ ಸುದ್ದಿ ಹೇಳಿದೆ. ಅಮ್ಮನವರು ಹೇಳಿದ್ದು ನಿಜವಾಯಿತು ಎಂದು ಅವಳು ಕರ್ಪೂರ ಹುಡುಕಿದಳು. ಬೆಂಕಿಬಾಯಿ ಏನೂ ಹೇಳಿರಲಿಲ್ಲ, ಗೊತ್ತಿಲ್ಲ ಎಂದಿದ್ದಳು, ಐದು ಸಲ, ನೀನೂ ಅಲ್ಲೇ ಇದ್ದೆ ಎಂದು ನಾನು ಗದರಿಸಿದೆ. ಹಾಗಾದರೆ ಅವರ ಕಾಲಲ್ಲಿ ಚಪ್ಪಲಿ ಹೇಗೆ ಬಂತು ಎಂದು ಯಾದಮ್ಮ ಕೇಳಿದಳು. ಅವರ ಊರಿನ ಪದ್ಧತಿ ಅದು, ಇವಳೇ ಅವರಿಂದ ಕಲಿತದ್ದು ಎಂದೆ. ಯಾದಮ್ಮ ಕೇಳಿಸಿಕೊಳ್ಳಲಿಲ್ಲ. ಈ ವಾದದಲ್ಲಿ ನಾನು ಗೆಲ್ಲುವುದಿಲ್ಲ, ಬ್ಯಾಂಕಿನ ಹೆಣ್ಣುಮಗಳಿಗೂ ಅದನ್ನೇ ಹೇಳಿದೆ: ಬಾಗಿಲಿಗೆ ಬರುವುದು ಮಾಟವಲ್ಲ, ಯಾದಮ್ಮನ ಚಪ್ಪಲಿಪೂಜೆ; ಬೇವಿನ ತಪ್ಪಲು ಒಣಗಿಸಿ ಅಕ್ಕಿ ಡಬ್ಬಿಗೆ ಹಾಕಿಕೊ, ಹುಳ ಬರುವುದಿಲ್ಲ.

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ನನ್ನ ಚಪ್ಪಲಿಯೂ ಈಗ ಹೊಸ್ತಿಲಾಚೆ, ಮೂತಿ ಬೀದಿ ಕಡೆ ಇರುತ್ತದೆ ಎಂದು ಯಾರಾದರೂ ಹೇಳಿದರೆ ಅದಕ್ಕೆ ಬೇರೆ ಅರ್ಥ ಹಚ್ಚಬೇಡಿ. ನಾರಾಯಣಗೂಡದಲ್ಲಿ ಬೆಂಕಿಗುಡ್ಡ ಇಲ್ಲ. ಆದರೆ ಗೋಡೆಯಾಚೆ ಯಾದಮ್ಮನ ಸಿಲಿಂಡರು ಇದೆ, ಮೇಲಿನಿಂದ ನೋಡುವವಳು ಈಗ ಇಲ್ಲ.